ತಲೆಯ ಮೇಲಿನ ಮೂರು ಜೊತೆ ಕಾಲು

ಮುಖಕ್ಕಿಂತ ಮೊದಲು ಅವರ ಹೆಜ್ಜೆಯ ಪರಿಚಯವಾಯಿತು ನನಗೆ.
ಮುಖೋ ಬಂದರಿನ ಈ ಇಳಿಜಾರು ಬೀದಿಯಲ್ಲಿ
ಕೆಳಗೆ ನನ್ನ ಲಾಂಡ್ರಿ, ಮೇಲೆ ಹ್ಯಾಪ್ಕಿಡೋ ಶಾಲೆ,
ನಡುವೆ ಒಂದು ಗೇಣು ಕಾಂಕ್ರೀಟು.
ಇಸ್ತ್ರಿ ಉಜ್ಜುತ್ತಾ ಉಜ್ಜುತ್ತಾ
ಹತ್ತೊಂಬತ್ತು ವರ್ಷ ಆ ಸೂರನ್ನು ಓದಿದ್ದೇನೆ.

ಮಧ್ಯಾಹ್ನ ಒಂದೂವರೆಗೆ ಬರುವವರು ತಾಕ್ ಜೊಂಗ್‌ಹ್ವಾನ್.
ಗ್ವಾಂಜಾಂಗ್‌ನಿಮ್ ಅನ್ನುತ್ತವೆ ಮಕ್ಕಳು, ಶಾಲೆಯ ಯಜಮಾನರು.
ಎಡಗಾಲು ಊರುತ್ತಾರೆ, ಬಲಗಾಲನ್ನು
ಹಠ ಹಿಡಿದ ಕರುವಿನ ಹಾಗೆ ಎಳೆದು ತರುತ್ತಾರೆ.
ಒಂದು ಕಾಲಕ್ಕೆ ಅದೇ ಕಾಲು ಹನ್ನೆರಡು ಹೆಂಚು ಒಡೆದಿತ್ತಂತೆ. ಇದ್ದೀತು.
ಈಗ ಅದು ಹಳದಿ ವ್ಯಾನಿನ ಬ್ರೇಕು ಒತ್ತುತ್ತದೆ,
ಒಂದನೇ ಕ್ಲಾಸಿನ ಮಕ್ಕಳು ಸಾಲಾಗಿ ಇಳಿಯುವವರೆಗೆ
ನಡುಗುತ್ತಲೇ ಒತ್ತಿ ಹಿಡಿದಿರುತ್ತದೆ.

ಪ್ಯೋ ಗಿತೇ ಮೆಟ್ಟಿಲನ್ನು ಎರಡೆರಡು ಹಾರಿ ಬರುತ್ತಾನೆ,
ಸೈನ್ಯದಿಂದ ಬಂದವನಿಗೆ ಇನ್ನೂ ಕೂದಲು ಬೆಳೆದಿಲ್ಲ.
"ಅಜುಮ್ಮಾ, ತೋಳಿಗೆ ಗಂಜಿ ಜಾಸ್ತಿ ಹಾಕಿ,
ಗಾಳಿಗೆ ಗುದ್ದಿದರೂ ಪಟ್ ಅನ್ನಬೇಕು."
ಹಾಕುತ್ತೇನೆ. ಅವನ ಹೊಡೆತದ ಅರ್ಧ ಸದ್ದು ನನ್ನ ಅಕ್ಕಿಗಂಜಿಯದು.
ಅವನಿಗೂ ಗೊತ್ತು, ಮಕ್ಕಳ ತಾಯಂದಿರಿಗೆ ಗೊತ್ತಿಲ್ಲ.

ಮೇಂಗ್ ಯುನ್‌ಸಿಲ್ ಬಂದದ್ದು ಗೊತ್ತೇ ಆಗುವುದಿಲ್ಲ.
ಕಾಲೇಜಿನಲ್ಲಿ ಜೂಡೋ ಆಡಿದವಳು; ಆಯ್ಕೆಯ ದಿನ
ಗಂಟೆ ಬಾರಿಸಲು ನಾಲ್ಕು ಸೆಕೆಂಡು ಇರುವಾಗ ಬೆನ್ನು ನೆಲಕ್ಕೆ ತಾಗಿತು.
ಇಷ್ಟೇ ಹೇಳಿದಳು ಒಮ್ಮೆ, ಗುಂಡಿ ಹೊಲಿಸಿಕೊಳ್ಳುತ್ತಾ.
ಇಲ್ಲಿ ಅವಳು ಕಲಿಸುವುದು ಬೀಳುವುದನ್ನು:
ಮೊದಲು ಗದ್ದ ಎದೆಗೆ, ಆಮೇಲೆ ಅಂಗೈಯಿಂದ ನೆಲಕ್ಕೊಂದು ಏಟು,
ನೆಲ ನಿನ್ನನ್ನು ಹೊಡೆಯುವ ಮೊದಲು ನೀನೇ ಅದನ್ನು ಹೊಡಿ.

ಇಪ್ಪತ್ತು ಮಕ್ಕಳು ಒಟ್ಟಿಗೆ ಬಿದ್ದರೆ
ನನ್ನ ಸೂರಿನ ಸುಣ್ಣ ಉದುರುತ್ತದೆ,
ಯಾರದೋ ಶವಯಾತ್ರೆಗೆಂದು ಇಸ್ತ್ರಿ ಮಾಡಿಟ್ಟ ಕಪ್ಪು ಕೋಟಿನ ಮೇಲೆ.
ಒಂದು ದಿನ ತಡೆಯಲಾರದೆ ಮೆಟ್ಟಿಲು ಹತ್ತಿದೆ,
ಕಾಲು ಕೆರೆದುಕೊಂಡೇ.

ಬಾಗಿಲಲ್ಲಿ ಗ್ವಾಂಜಾಂಗ್ ಕೂತಿದ್ದರು, ಚಪ್ಪಲಿಗಳ ನಡುವೆ,
ಕೆಟ್ಟ ಮಂಡಿಯನ್ನು ನೀಳಕ್ಕೆ ಚಾಚಿಕೊಂಡು.
ಪಕ್ಕದಲ್ಲೊಬ್ಬ ಹುಡುಗ, ಒಳಗೆ ಹೋಗಲೊಲ್ಲ.
ಹೊಡೆಯುವಾಗ ಎಲ್ಲರಂತೆ ಕೂಗಬೇಕಲ್ಲ, ಅವನಿಗೆ ನಾಚಿಕೆ.
ಸರಿ, ಹಾಗಾದರೆ ಸಣ್ಣಗೆ ಕೂಗೋಣ ಅಂದರು.
"ಯಾ," ಅಂತ ಇವರು ಅವನ ಕಿವಿಯಲ್ಲಿ.
"ಯಾ," ಅಂತ ಅವನು ಇವರ ಕಿವಿಯಲ್ಲಿ.
ಅರವತ್ತೆಂಟರ ಮುದುಕ, ಆರರ ಹುಡುಗ,
ಗುಟ್ಟು ಹೇಳಿಕೊಂಡಂತೆ ಯುದ್ಧಕ್ಕೆ ಕರೆ ಕೊಡುತ್ತಿದ್ದರು.
ನಾನು ಬಂದದ್ದು ಏತಕ್ಕೆಂದು ಕೇಳಿದರು.
ಒಗೆಯುವ ಬಟ್ಟೆ ಇದೆಯೇ ಅಂದೆ.

ಬಟ್ಟೆ ಇರಲಿಲ್ಲ. ಸೊಂಟದ ಕರಿಪಟ್ಟಿ ಬಿಚ್ಚಿ ಕೊಟ್ಟರು.
ಅಂಚಿನ ಕಪ್ಪೆಲ್ಲ ಸವೆದು ಒಳಗಿನ ಬಿಳಿ ನೂಲು ಕಾಣುತ್ತಿತ್ತು.
ಅದು ಹಾಗಿರುವುದೇ ಗೌರವ ಅಂತ ಗಿತೇ ಗೊಣಗಿದ.
"ಗೌರವ ನನಗೆ ಕಾಣುತ್ತದಪ್ಪ, ತಾಯಂದಿರಿಗೆ ಚಿಂದಿ ಕಾಣುತ್ತದೆ.
ಮುಳುಗುವ ಶಾಲೆಗೆ ಯಾರು ಫೀಸು ಕಟ್ಟುತ್ತಾರೆ?"

ರಾತ್ರಿ ದೀಪದ ಕೆಳಗೆ ಅಂಚು ಮಡಚಿದೆ.
ಒಳಗೆ ಆಗಲೇ ಒಂದು ಹಳೆಯ ಹೊಲಿಗೆ ಇತ್ತು,
ಒತ್ತೊತ್ತಾಗಿ, ಅಷ್ಟೇನೂ ಕಪ್ಪಲ್ಲದ ಕಪ್ಪು ನೂಲಿನಲ್ಲಿ,
ಎಡಗೈಯವರು ಹಾಕುವ ಹಾಗೆ ಓರೆಯಾಗಿ.
ಯಾರದೆಂದು ನಾನು ಕೇಳಿಲ್ಲ.
ಬಿಚ್ಚದೆ, ಅದರ ಪಕ್ಕದಲ್ಲೇ ನನ್ನದನ್ನು ಹಾಕಿದೆ.

ಮೇಲೆ ಎಲ್ಲರೂ ಹೋದರು ಅಂದುಕೊಂಡಿದ್ದೆ.
ಯುನ್‌ಸಿಲ್ ಇನ್ನೂ ಇದ್ದಳು, ಒಬ್ಬಳೇ:
ಮೊದಲು ಏನೂ ಇಲ್ಲ, ಆಮೇಲೆ ಅಂಗೈಯ ಏಟು,
ಆಮೇಲೆ ಸ್ವಲ್ಪ ಸುಣ್ಣ.