ಎರಡು ಎಂಬಿಯೊಳಗೆ

ಬಂದರ್ ರಸ್ತೆಯ ಅಂಗಡಿ.
ಎದುರು ಒಣಮೀನು, ಹಿಂದೆ ಹಗ್ಗದ ಗೋದಾಮು,
ನಡುವೆ ನಾನು, ಒಂದು ಫ್ಯಾನು, ಎರಡು ಕೀಬೋರ್ಡು.
ಅರ್ಜಿ, ಅಫಿದವಿತ್, ಬಾಡಿಗೆ ಕರಾರು
ಎಲ್ಲ ಪಿಡಿಎಫ್ ಆಗಿ ಇಲ್ಲಿಂದಲೇ ಹೊರಡಬೇಕು.

ಸುರುವಿಗೆ ನನಗೂ ಗೊತ್ತಿರಲಿಲ್ಲ.
ಫಾಂಟು ಕಟ್ಟಿಕೊಡದೆ ಕಳಿಸಿದ ಮೊದಲ ಅರ್ಜಿ
ಕಚೇರಿಯ ಪರದೆಯಲ್ಲಿ ಪೆಟ್ಟಿಗೆಯಾಗಿ ತೆರೆಯಿತಂತೆ:
ಪೆಟ್ಟಿಗೆ, ಪೆಟ್ಟಿಗೆ, ಸಾಲಾಗಿ ಖಾಲಿ ಪೆಟ್ಟಿಗೆ,
ಮೀನು ಮಾರಿದ ಮೇಲೆ ಧಕ್ಕೆಯಲ್ಲಿ ತೊಳೆದಿಟ್ಟ ಹಾಗೆ.
ಒಂದೆರಡು ಒತ್ತು ಮಾತ್ರ ಉಳಿದು
ಯಾರ ಕಾಲೆಂದು ತಿಳಿಯದೆ ಬಿದ್ದಿದ್ದವು.

ಮರುದಿನ ಹಟದಲ್ಲಿ ಇಡೀ ಫಾಂಟನ್ನೇ ತುಂಬಿದೆ.
ಎರಡು ಬಂಗುಡೆ ಕೇಳಿದವರ ಮನೆಗೆ
ಬೋಟನ್ನೇ ಎಳೆದುಕೊಂಡು ಹೋದ ಹಾಗಾಯಿತು.
'ಕಡತ ಎರಡು ಎಂಬಿ ಮೀರಬಾರದು'
ಎಂದಿತು ಪೋರ್ಟಲ್, ಕೆಂಪಗೆ.
ಆ ಕೆಂಪಕ್ಷರ ಮಾತ್ರ ಒಂದೂ ಒಡೆದಿರಲಿಲ್ಲ.

'ಫೋಟೋ ಹೊಡೆದು ಹಾಕಿ ಮಾರಾಯ್ರೆ' ಅನ್ನುತ್ತಾರೆ ಕೆಲವರು.
ಹಾಕಬಹುದು. ಆಗ ಅದು ಅಕ್ಷರವಲ್ಲ, ಅಕ್ಷರದ ಕಲೆ.
ಹೆಸರು ಕೊಟ್ಟು ಹುಡುಕಿದರೆ ಯಾರೂ ಓಗೊಡುವುದಿಲ್ಲ.

ಈಗ ಗೊತ್ತು: ಬಳಸಿದ ಅಕ್ಷರವಷ್ಟೇ ಕಟ್ಟು.
ಬಂದದ್ದು ಉಂಟು, ಬಾರದ್ದು ಇಲ್ಲ.
ಮೊಳೆ ಜೋಡಿಸಿ ಹೆಬ್ಬೆರಳು ಸವೆಸಿಕೊಂಡ
ಬೊನವೆಂಚರ್ ಮಾಮ ಹೇಳುತ್ತಿದ್ದರು,
ದ ಮನೆ ದಿನಕ್ಕೆ ಮೂರು ಸಲ ಖಾಲಿ,
ಝ ಮನೆಯಲ್ಲಿ ಜಿರಲೆ ಮೊಟ್ಟೆಯಿಡುತ್ತದೆ.

ಮಂಗಳವಾರ, ಮಗ್ರಿಬ್ ಬಾಂಗಿನ ಹೊತ್ತಿಗೆ ಝುಲೈಖಾ ಬಂದಳು.
ಬೀಡಿ ಕಟ್ಟುವವರ ಪಿಂಚಣಿ ಅರ್ಜಿ,
ಸಂಘದವರು ಎಲ್ಲೋ ಮಾಡಿಸಿದ ಪಿಡಿಎಫ್,
ಮೂಲ ಫೈಲು ಯಾರಲ್ಲೂ ಇಲ್ಲ.
'ನಲವತ್ತೊಂದು ಹೆಸರುಂಟು. ನನ್ನದು ಬಿಟ್ಟುಹೋಗಿದೆ.
ರಾತ್ರಿ ಹನ್ನೆರಡಕ್ಕೆ ಕಡೆಯಂತೆ.'

ಕರ್ಸರ್ ಇಟ್ಟು ಒತ್ತಿದೆ. ಬರಲಿಲ್ಲ.
ಖತೀಜಮ್ಮ ಇದ್ದುದಕ್ಕೆ ಖ ಉಂಟು,
ಫಿಲೋಮಿನಾ ತಂದ ಫ ಉಂಟು,
ಕುಂಞಮ್ಮನ ದೆಸೆಯಿಂದ ಞ ಕೂಡ ಉಂಟು!
ನಲವತ್ತೊಂದು ಹೆಂಗಸರು ಸೇರಿ ಕಟ್ಟಿದ ಗಂಟಿನಲ್ಲಿ
ಇವಳ ಮೊದಲಕ್ಷರ ಮಾತ್ರ ಇರಲಿಲ್ಲ.

'ಜ ಹಾಕಲಾ? ಎಲ್ಲರೂ ಹಾಗೇ ಬರೆಯುವುದು.'
ಪಾಸ್‌ಬುಕ್ ತೆಗೆದು ಗಾಜಿನ ಮೇಲಿಟ್ಟಳು.
ಕಳೆದ ವರ್ಷ ಜ ಹಾಕಿಯೇ ಹಣ ವಾಪಸಾದದ್ದು.
ಮತ್ತೆ, ಹೊಗೆಸೊಪ್ಪಿನ ಬಣ್ಣ ಹತ್ತಿದ ಉಗುರಿನಿಂದ
ಗಾಜಿನ ಧೂಳಿನಲ್ಲಿ ಬರೆದು ತೋರಿಸಿದಳು:
'ಯ ಅಲ್ಲ, ಋ ಅಲ್ಲ. ಇದು.
ಇದಕ್ಕೆ ಬಾಲ ಉಂಟು.'

ಹಾಗಾದರೆ ನಲವತ್ತೆರಡೂ ಮೊದಲಿನಿಂದ.
ಅವಳು ಓದಿದಳು, ನಾನು ಒತ್ತಿದೆ,
ಹೆಸರು, ಊರು, ಖಾತೆಯ ಉದ್ದುದ್ದ ಅಂಕಿ.
ಹದಿನೇಳರಲ್ಲಿ ಕರೆಂಟು ಹೋಯಿತು, ಹದಿನೇಳರಿಂದ ಮತ್ತೆ ಸುರು.
ಸಹಿಗಳ ಸ್ಕ್ಯಾನು ಒಂದು ಹದ ತೆಳು ಮಾಡಿ,
ಸಂಘದ ಬಣ್ಣದ ಲಾಂಛನ ಕಪ್ಪು ಮಾಡಿ,
ಅಲಂಕಾರದ ತಲೆಬರಹ ಕಿತ್ತು
(ಆ ಒಂದು ಸಾಲಿಗೇ ಇನ್ನೊಂದು ಫಾಂಟು)
ಒಂದು ಪಾಯಿಂಟ್ ಒಂಬತ್ತು ಏಳಕ್ಕೆ ಇಳಿಸಿದೆ.

ಝ ಎಷ್ಟು ತೂಗುತ್ತದೆಂದು ಆಮೇಲೆ ನೋಡಿದೆ,
ಇಟ್ಟು ಒಮ್ಮೆ, ತೆಗೆದು ಒಮ್ಮೆ.
ಅರ್ಧ ಕೆಬಿಯೂ ಇಲ್ಲ.
ಲಾಂಛನದ ಒಂದು ಎಲೆಯ ಅಂಚೇ
ಅದಕ್ಕಿಂತ ಹೆಚ್ಚು ಜಾಗ ಹಿಡಿದಿತ್ತು.

ಎಂಟೂಮುಕ್ಕಾಲಿಗೆ ಸ್ವೀಕೃತಿ ಬಂತು.
ಸಂಖ್ಯೆ ನೋಡಲಿಲ್ಲ ಅವಳು, ಹೆಸರನ್ನಷ್ಟೇ
ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.
'ಎಷ್ಟಾಯಿತು?'
'ಪ್ರಿಂಟಿಗೆ ಐದು.'
'ಇಷ್ಟು ಹೊತ್ತು ಕೂತದ್ದಕ್ಕೆ?'
ಲೆಕ್ಕ ಬರಲಿಲ್ಲ. ನಲವತ್ತೆರಡು ಅಂದೆ.
ಮೂವತ್ತು ಕೊಟ್ಟು ಬಸ್ಸಿಗೆ ಓಡಿದಳು.