ಅರ್ಧ ಸುತ್ತು

ಬಾಯ್ನಾದ ಐಸ್ ಫ್ಯಾಕ್ಟರಿ ಹಿಂದೆ
ಕೆರುಬಿನ್ ಮಿನೆಜಿಸನ ಅಂಗಡಿ.
ಗೋಡೆ ತುಂಬ ನೇತುಬಿದ್ದ ರಬ್ಬರಿನ ಮೈಗಳು,
ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಳೇ ರೆಗ್ಯುಲೇಟರ್.
ಹದಿನಾಲ್ಕು ಸಾವಿರ.
ಅವ್ವ ಹನ್ನೊಂದಕ್ಕೆ ನಿಂತಳು,
ಮೆಂತ್ಯೆ ಸೂಡಿಗೆ ನಿಲ್ಲುವ ಹಾಗೆ.

ಬಾಯಲ್ಲಿ ಕಚ್ಚುವ ತುಂಡಿನ ಮೇಲೆ
ಯಾರದೋ ಹಲ್ಲಿನ ಗುರುತು, ಎಡಕ್ಕೆ ಆಳ.
‘ಹೆದರಿಕೆಯನ್ನ ಎಡದವಡೆಯಲ್ಲಿ ಇಟ್ಕೊಂಡಿದ್ದ,’
ಅಂದ ಕೆರುಬಿನ್. ಅದನ್ನು ಕಿತ್ತು ಹೊಸದು ಸಿಕ್ಕಿಸಿ
ಪಟ್ಟಿ ಬಿಗಿದು ಬಾಲ ಕತ್ತರಿಸಿದ.

ಸಿಲಿಂಡರಿಗೆ ಜೋಡಿಸಿ ಗಾಳಿ ಬಿಟ್ಟರೆ
ಸಣ್ಣಗೆ ಸುಂಯ್ ಅಂತು.
ಕಿವಿಗೊತ್ತಿ, ಕಣ್ಣುಮುಚ್ಚಿ,
ಅರ್ಧ ಸುತ್ತು ಬಿಗಿಮಾಡಿದ.
‘ಸಡಿಲಾದರೆ ಕೇಳದೇನೇ ಸುರೀತದೆ,
ಬಿಗಿಯಾದರೆ ನೀನು ಬೇಡಬೇಕು.
ಹಡಗಿನ ತಳ ಕೆರೆಯೋನು
ಬೇಡ್ತಾ ಕೂರಬಾರದು.’
ಮತ್ತೆ ಕಾಲು ಸುತ್ತು ಹಿಂದಕ್ಕೆ.
ಬೋಗುಣಿ ನೀರಲ್ಲಿ ಅದ್ದಿ
ಗುಳ್ಳೆ ಬರುತ್ತದೇನೋ ಅಂತ ಕಾದೆವು ಮೂವರೂ,
ಒಲೆ ಮುಂದೆ ಹಾಲು ಕಾಯುವಂತೆ.
ಬರಲಿಲ್ಲ.

ನಾನು ಕೈ ಚಾಚುವುದರೊಳಗೆ ಅವ್ವ
‘ತಾ ಇಲ್ಲೆ’ ಅಂದಳು.
ಸೆರಗಲ್ಲಿ ಒರೆಸಿ ಬಾಯಿಗಿಟ್ಟು
ಒಂದು ಉಸಿರು ಎಳೆದಳು. ಇನ್ನೊಂದು.
ಹೊರಗೆ ಕಲ್ಲಿದ್ದಲ ಲಾರಿ ಹೋಯಿತು,
ಬಾಗಿಲ ಪರದೆ ಇನ್ನಷ್ಟು ಕಪ್ಪಾಯಿತು.
ಮೂರನೆಯದು ಎಳೆದು ತಡೆದು ನಿಂತಳು,
ಆಮೇಲೆ ಬಿಟ್ಟಳು.

‘ಒಣಾ ಐತಿ. ವಾಸನೀನ ಇಲ್ಲ.’

ಸೊಂಟದ ಚೀಲ ಬಿಚ್ಚಿ
ಹದಿನಾಲ್ಕೂ ಎಣಿಸಿದಳು,
ನೋಟಿಗೆ ನೋಟು ಅಂಟಿತ್ತು, ಸೊಪ್ಪಿನ ತೇವ.
ಕೆರುಬಿನ್ ಒಂದೊಂದೇ ಬಿಡಿಸಿ
ಫ್ಯಾನಿನ ಕೆಳಗೆ ಹರವಿದ.

ನಾನಿನ್ನೂ ಅದನ್ನು ಬಾಯಿಗಿಟ್ಟಿರಲಿಲ್ಲ.