ರುಚಿ ನೋಡುವವಳು

ಬೋರ್ಡಿನ ಮೂಲೆಯಲ್ಲಿ ಮೇಷ್ಟ್ರು ಬರೆದ ಅಂಕಿ ನೋಡಿಯೇ
ನಾನು ಅಕ್ಕಿ ಅಳೆಯುವುದು.
ನಿನ್ನೆ ನಲವತ್ತೊಂದು. ಇವತ್ತು ನಲವತ್ಮೂರು.
ಇಬ್ಬರು ಹೆಚ್ಚಾದರೆ ನನ್ನ ಲೆಕ್ಕದಲ್ಲಿ
ಮೂರು ಹಿಡಿ ಅಕ್ಕಿ, ಸಾರಿಗೆ ಇನ್ನೊಂದು ಚೊಂಬು ನೀರು.

ಕಾನುಕೊಪ್ಪದ ಶಾಲೆ ನೋಡಿದವರಿಗೆ ಗೊತ್ತು:
ಅಡುಗೆ ಕೋಣೆಯ ಕಿಟಕಿಗೆ ಬಾಗಿಲಿಲ್ಲ,
ಮಂಗ ಬಂದು ಬೇಳೆ ಡಬ್ಬ ಉರುಳಿಸುತ್ತದೆ,
ಮೊಟ್ಟೆ ಮಾತ್ರ ಮೇಷ್ಟ್ರ ಬೀರುವಿನಲ್ಲಿ
ಹಾಜರಿ ಪುಸ್ತಕದ ಪಕ್ಕ, ಬೀಗದೊಳಗೆ.

ಮಕ್ಕಳು ಸೊಪ್ಪು ಆರಿಸಿ ತಟ್ಟೆಯಂಚಿಗೆ ಇಡುತ್ತಿದ್ದರು,
ಬೇಲಿ ಹಾಕಿದ ಹಾಗೆ.
ನುಗ್ಗೆ ಸೊಪ್ಪು ರುಬ್ಬಿದೆ. ಬಸಳೆಯನ್ನು ಬೇಳೆಯಲ್ಲಿ ಕರಗಿಸಿದೆ.
ಗದ್ದೆ ಬದುವಿನ ಒಂದೆಲಗ ತಂದು ತಂಬುಳಿ ಮಾಡಿ
"ಇದು ಹಸಿರು ಮಜ್ಜಿಗೆ" ಅಂದೆ.
ಕುಡಿದರು. ಸುಳ್ಳು ಹೇಳಿದ್ದು ಹೌದು.
ದೇವರು ಕೇಳಿದರೆ ಖಾಲಿ ಲೋಟ ತೋರಿಸುತ್ತೇನೆ.

ಆಷಾಢದ ಒಂದು ಗುರುವಾರ ಸೊರಬದಿಂದ ಜೀಪು ಬಂತು.
ತೂಕದ ಯಂತ್ರ, ಎತ್ತರದ ಪಟ್ಟಿ,
ಬೆರಳು ಚುಚ್ಚಿ ರಕ್ತ ನೋಡುವ ಪುಟ್ಟ ಪೆಟ್ಟಿಗೆ.
ಇಂಪನಾ, ನಾಲ್ಕನೇ ಕ್ಲಾಸು, ಕಂಬ ತಬ್ಬಿಕೊಂಡವಳು
ಬಿಡಲೇ ಇಲ್ಲ.
"ನೋಡೇ, ಇರುವೆ ಕಚ್ಚಿದಷ್ಟೇ" ಅಂತ
ಸೆರಗಿಗೆ ಕೈ ಒರೆಸಿ ನಾನೇ ಬೆರಳು ಕೊಟ್ಟೆ,
ಹುಡುಗಿಗೆ ಧೈರ್ಯ ಬರಲೆಂದು, ಅಷ್ಟೇ.

ಅವಳದು ಹನ್ನೊಂದೂ ಮುಕ್ಕಾಲು.
"ಹೋದ ವರ್ಷ ಒಂಬತ್ತಿತ್ತು, ಶಾಬಾಸ್" ಅಂದರು ಡಾಕ್ಟರಮ್ಮ.
ನನ್ನದು ಏಳೂವರೆ.
ಪೆಟ್ಟಿಗೆಯನ್ನು ಒಮ್ಮೆ ತಟ್ಟಿ
ಇನ್ನೊಂದು ಬೆರಳು ಕೇಳಿದರು.
ಮತ್ತೂ ಏಳೂವರೆ.

"ಊಟ ಎಷ್ಟೊತ್ತಿಗೆ ಮಾಡ್ತೀಯಮ್ಮ?"
ಎಂತ ಹೇಳುವುದು.
ಪಾತ್ರೆ ತೊಳೆಯುವ ಮೊದಲು. ತಳದಲ್ಲಿ ಉಳಿದಿದ್ದರೆ.
ಬಡಿಸುವ ಮುಂಚೆ ರುಚಿ ನೋಡಲೇಬೇಕೆಂದು ಕಾನೂನು,
ಅಂಗೈಯಲ್ಲಿ ನಾಲ್ಕು ಹನಿ ಸಾರು;
ಎಷ್ಟೋ ದಿನ ಅದನ್ನೇ ಊಟವೆಂದು ಎಣಿಸಿದ್ದೆ.
ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಕಟ್ಟುವುದು
ವಯಸ್ಸಿಗೆ ಅಂದುಕೊಂಡಿದ್ದೆ.
ವಯಸ್ಸೆಂದರೆ ಮೂವತ್ತೆಂಟು.

ಸೋಮವಾರ ಕಬ್ಬಿಣದ ಮಾತ್ರೆಯ ದಿನ.
ಗಾಮಪ್ಪ ಮೇಷ್ಟ್ರದು ಸಾಲಿನುದ್ದಕ್ಕೂ ಒಂದೇ ಮಂತ್ರ:
"ನುಂಗು. ಬಾಯಿ ತೆಗಿ. ನಾಲಿಗೆ ಎತ್ತು."
ದವಡೆಯಲ್ಲಿ ಸಿಕ್ಕಿಸಿಕೊಂಡು ಹೋಗಿ
ದಾಸವಾಳದ ಬುಡಕ್ಕೆ ಉಗಿಯುವವರು ಇದ್ದಾರಲ್ಲ.
ದಾಸವಾಳವಂತೂ ಈ ಸಲ ಭಾರೀ ಕೆಂಪು.

ಬಡಿಸಲು ಸೌಟು ಹಿಡಿದೆ.
ಸಾಲಿನ ಕೊನೆಯಲ್ಲಿ ಇಂಪನಾ ಒಂದು ತಟ್ಟೆ ಹೆಚ್ಚಿಗೆ ಇಟ್ಟಿದ್ದಳು,
ಪಕ್ಕದಲ್ಲಿ ಲೋಟ, ನೀರು.
"ಯಾರಿಗೇ ಇದು?" ಅಂದರೆ ಮಾತಿಲ್ಲ.
ಸೌಟು ಕಸಿದು ಏಳನೇ ಕ್ಲಾಸಿನ ಹುಡುಗನ ಕೈಗೆ ಕೊಟ್ಟಳು.

ಕೂತೆ.
ಹದಿಮೂರು ವರ್ಷದಲ್ಲಿ ಮೊದಲ ಸಲ
ನಾನು ಮಾಡಿದ ಸಾರನ್ನು ಬಿಸಿ ಇರುವಾಗ ಉಂಡೆ.
ಉಪ್ಪು ಒಂದು ಚಿಟಿಕೆ ಮುಂದು.
ಇಷ್ಟು ದಿನ ಯಾರೂ ಹೇಳಿರಲಿಲ್ಲ.

ಆಮೇಲೆ ಡಾಕ್ಟರಮ್ಮ ಕೊಟ್ಟು ಹೋದ ನನ್ನ ಪಾಲಿನ ಮಾತ್ರೆ.
ಎದುರಿಗೆ, ಸೊಂಟದ ಮೇಲೆ ಕೈಯಿಟ್ಟು, ಮೇಷ್ಟ್ರ ಹಾಗೇ ನಿಂತು,
"ಬಾಯಿ ತೆಗಿ, ಹೂವಕ್ಕ.
ನಾಲಿಗೆ ಎತ್ತು."

ಎತ್ತಿದೆ.